ಯಾರಿಗೆ ಮಾರಾಯ್ತಿ ಶಿಕ್ಷೆ?

ನಮ್ಮ ಮಂಡಳಿಯ ಶನಿವಾರದ ಶನಿಪೂಜೆಗೆ ತಪ್ಪದೆ ಬರುವ ಎಲ್ಲ ಬಂಧುಗಳಿಗೂ ನಮಸ್ಕಾರ. ದೇವರು ನಡೆಸಿಕೊಟ್ಟದ್ದನ್ನು ನಾಲ್ಕು ಜನರಿಗೆ ಹೇಳಬೇಕು ಎನ್ನುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಭಕ್ತಿ ಇದ್ದಲ್ಲಿ ಸಿಟ್ಟು ಇರಬಾರದು ಎನ್ನುವವರು ಮುಂದೆ ಓದುವುದು ಬೇಡ.

ನಾವು ಡೊಂಬಿವಲಿಯವರು. ಯಜಮಾನರು ಠಾಣೆ ಪಟ್ಟಣದ ಹೋಟೆಲೊಂದರಲ್ಲಿ ಅಡುಗೆಯವರು. ಹೋದ ವರ್ಷ ಮಳೆಗಾಲದಲ್ಲಿ ಬೆನ್ನುನೋವಿನಿಂದ ಹಾಸಿಗೆ ಹಿಡಿದರು. ಮಗಳು ರಕ್ಷಿತಾ ಆಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. "ಮಮ್ಮಿ, ಟೆನ್ಶನ್ ಮತ್ ಲೇ, ಮೈ ಪಾರ್ಟ್ ಟೈಮ್ ಕರೂಂಗಿ" ಅಂದಳು. ಚಿಂತೆ ಬೇಡ, ಪಾರ್ಟ್ ಟೈಮ್ ಕೆಲಸ ಮಾಡುತ್ತೇನೆ ಎಂದು. ಇಲ್ಲಿ ಹುಟ್ಟಿದ ಮಕ್ಕಳ ಕಥೆ ನಿಮಗೆ ಗೊತ್ತೇ ಇದೆ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವು ಹಿಂದಿಯಲ್ಲಿ ಉತ್ತರ ಕೊಡುತ್ತವೆ.

ಸಾನಪಾಡಾದ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅಂಗಡಿ ಎಂದು ಮಾತಾಗಿತ್ತು. ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಬೇಕು. ಲೋಕಲಿನಲ್ಲಿ ಮುಂದೆ ನಿಂತವರ ಬೆನ್ನಿಗೇ ಪುಸ್ತಕ ಒರಗಿಸಿ ಓದುತ್ತಿದ್ದಳು. ಒಂದು ದಿನ ಹಾಗೆ ಮುಂದಿದ್ದ ಹೆಂಗಸು ತಿರುಗಿ ನೋಡಿ, ಬೈಯುವ ಬದಲು, ಪುಟ ಮುಗಿಯುವವರೆಗೆ ಅಲ್ಲಾಡದೆ ನಿಂತಳಂತೆ. ಗುರುತು ಪರಿಚಯ ಇಲ್ಲದವಳಿಗೆ ಇದ್ದ ಆ ಕರುಣೆ ಸಂಬಳ ಕೊಡುವವನಿಗೆ ಇರಲಿಲ್ಲ.

ಹಬ್ಬದ ಸೇಲ್ ಶುರುವಾದದ್ದೇ ತಡ, ಮ್ಯಾನೇಜರ್ ಮಾತು ಬದಲಿಸಿದ. ಮಾಲು ಎಣಿಸಬೇಕು, ಬೆಳಿಗ್ಗೆಯೇ ಬಾ ಅಂದ. ದೀಪಾವಳಿ ಮುಗಿಯಿತು, ಬೆಳಗಿನ ಕೆಲಸ ಮುಗಿಯಲಿಲ್ಲ. ಕಾಲೇಜಿನಲ್ಲಿ ಹಾಜರಿ ಕಡಿಮೆ ಬಿತ್ತು. "ಇನ್ನು ಪರೀಕ್ಷೆಯವರೆಗೆ ಒಂದೂ ಕ್ಲಾಸ್ ತಪ್ಪಿಸದಿದ್ದರೆ ಮಾತ್ರ ಕೂರಿಸುತ್ತೇನೆ" ಎಂದು ಮೇಡಂ ಹೇಳಿದರು. ಅವರ ಮಾತು ನ್ಯಾಯವೇ. ಮ್ಯಾನೇಜರನಿಗೆ ಹೇಳಿದರೆ, ಹಾಗಾದರೆ ಕೆಲಸ ಬಿಡು ಅಂದ. ಬಿಟ್ಟರೆ ಕಾಲೇಜಿನ ಫೀಸು, ಅಪ್ಪನ ಔಷಧಿ ಎರಡೂ ನಿಲ್ಲುತ್ತಿದ್ದವು. ಬಿಡದಿದ್ದರೆ ಅಷ್ಟು ವರ್ಷ ಓದಿದ್ದೆಲ್ಲ ನೀರುಪಾಲು.

ನಾನೇ ಸಾನಪಾಡಾಕ್ಕೆ ಹೋದೆ. ಅವನು ಕುರ್ಚಿಯಿಂದ ಏಳಲೂ ಇಲ್ಲ.

"ಆಂಟಿ, ಪಾರ್ಟ್ ಟೈಮ್ ಕಾ ಮತ್ಲಬ್ ಕ್ಯಾ? ಟೈಮ್ ಹಮಾರಾ, ಪಾರ್ಟ್ ಆಪಕಾ" ಎಂದು ತನ್ನ ಜೋಕಿಗೆ ತಾನೇ ನಕ್ಕ.

ಟೈಮು ಅವನದಂತೆ, ಪಾರ್ಟು ಮಾತ್ರ ನಮ್ಮದಂತೆ! ನನ್ನ ಮಗಳ ವಯಸ್ಸು, ಓದು, ನಿದ್ದೆ ಎಲ್ಲ ಅವನದಂತೆ! ಅವನ ಹಿಂದೆ ಗೋಡೆಯಲ್ಲಿ ಲಕ್ಷ್ಮಿಯ ಫೋಟೊ, ಅದಕ್ಕೆ ತಾಜಾ ಹೂವಿನ ಹಾರ, ಎದುರಿಗೆ ನೈವೇದ್ಯದ ಪೇಡೆ. ನನ್ನ ಮಗಳು ಮಾತ್ರ ಊಟದ ಡಬ್ಬಿ ತೆರೆಯಲೂ ಪುರಸೊತ್ತಿಲ್ಲದೆ ಹೊರಗೆ ಬಟ್ಟೆ ಮಡಚುತ್ತಿದ್ದಳು. ವಾಪಸು ಬರುವಾಗ ಗಾಡಿಯಲ್ಲಿ ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಸುರಿಯಿತು.

ನಮ್ಮ ಮಂಡಳಿಯ ಹಿರಿಯರೊಬ್ಬರು, "ಹುಡುಗಿಗೆ ಶನಿಯ ಸಾಡೇಸಾತಿ ಇರಬೇಕು, ಸಹಿಸಿಕೊಳ್ಳಿ" ಅಂದರು. ಸಹಿಸಿಕೊಳ್ಳುವುದಕ್ಕೂ ನನ್ನ ಮಗಳೇ ಬೇಕೆ? ಆ ಮನುಷ್ಯನಿಗೆ ಯಾವ ಗ್ರಹವೂ ಕಾಡುವುದಿಲ್ಲವೆ?

ಆ ಶನಿವಾರ ರಕ್ಷಿತಾ ಜ್ವರ ಬಂದು ಮನೆಯಲ್ಲಿದ್ದಳು. ಸಂಜೆ ಸ್ವಲ್ಪ ಬಿಟ್ಟ ಮೇಲೆ ಪೂಜೆಗೆ ಕರೆದುಕೊಂಡು ಬಂದೆ. ನಮ್ಮ ಭಟ್ಟರು ಕಾರ್ಕಳದ ಕಡೆಯವರು. ಡೊಂಬಿವಲಿಯಲ್ಲೇ ತಲೆ ಹಣ್ಣಾದರೂ ಅವರ ಹಿಂದಿ ಅಷ್ಟಕ್ಕಷ್ಟೆ. ಸಂಕಲ್ಪಕ್ಕೆ ಹೆಸರು, ನಕ್ಷತ್ರ ಕೇಳಿದ ಮೇಲೆ, "ಪ್ರಾರ್ಥನೆ ಎಂತ?" ಅಂದರು.

ಮಗಳು ಮೆಲ್ಲಗೆ, "ಶಿಕ್ಷಾ" ಅಂದಳು.

ಭಟ್ಟರು ಕೈಯಲ್ಲಿದ್ದ ಉದ್ಧರಣೆ ಕೆಳಗಿಟ್ಟರು. "ಶಿಕ್ಷೆಯಾ? ಯಾರಿಗೆ ಮಾರಾಯ್ತಿ ಶಿಕ್ಷೆ? ಶನಿದೇವರ ಹತ್ರ ಹಾಗೆಲ್ಲ ಕೇಳ್ಬಾರ್ದು, ಕೊಟ್ಟೇ ಬಿಡ್ತಾನೆ!"

ನೀವೆಲ್ಲ ನಕ್ಕಿರಿ. ಹಿಂದಿಯಲ್ಲಿ ಶಿಕ್ಷಾ ಅಂದರೆ ವಿದ್ಯೆ ಎಂದು ನನಗೂ ಗೊತ್ತಿತ್ತು. ಆದರೆ ನನಗೆ ನಗು ಬರಲಿಲ್ಲ. "ಕೊಡ್ಲಿ ಭಟ್ರೇ. ಸಾನಪಾಡಾದ ಆ ಮ್ಯಾನೇಜರನಿಗೆ ಅಂತ ಸರಿಯಾಗಿ ಹೇಳಿ" ಅಂದೆ.

"ಮಮ್ಮಿ, ಪಾಗಲ್ ಹೋ ಕ್ಯಾ? ಮೈನೇ ಪಢಾಯಿ ಕೇ ಲಿಯೇ ಬೋಲಾ!" ಎಂದು ಮಗಳು, ತಾನು ಕೇಳಿದ್ದು ಓದಿಗಾಗಿ ಎನ್ನುತ್ತಾ, ನನ್ನ ಸೆರಗು ಜಗ್ಗಿದಳು.

ಭಟ್ಟರು ಇಬ್ಬರ ಮುಖವನ್ನೂ ನೋಡಿದರು. "ಯಾವುದು ಕೊಡ್ಬೇಕು ಅಂತ ಅವನಿಗೆ ಗೊತ್ತುಂಟು" ಎಂದು ನೀರು ಬಿಟ್ಟರು.

ಮುಂದಿನ ವಾರವೇ ಮಗಳು ಪೇಡೆಯ ಡಬ್ಬಿ ಹಿಡಿದು ಬಂದಳು. ಮ್ಯಾನೇಜರನಿಗೆ ಪ್ರಮೋಶನ್! ಪುಣೆಯ ದೊಡ್ಡ ಅಂಗಡಿಗೆ ಹೋಗುತ್ತಿದ್ದಾನೆ, ಎಲ್ಲರಿಗೂ ಪೇಡೆ ಹಂಚಿದ್ದಾನೆ. ನನ್ನ ಮೈ ಉರಿದುಹೋಯಿತು. ಡಬ್ಬಿಯನ್ನು ಒಳಗೆ ತರಲು ಬಿಡಲಿಲ್ಲ. ದೇವರ ಫೋಟೊದ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಕೇಳಿದೆ. ಎಳ್ಳೆಣ್ಣೆ ದೀಪ ಹಚ್ಚಿದವಳು ನಾನು, ಉಪವಾಸ ಮಾಡಿದವಳು ನಾನು, ಪ್ರಮೋಶನ್ ಅವನಿಗೆ! ಇದೆಂಥ ನ್ಯಾಯ ನಿನ್ನದು?

"ಮಮ್ಮಿ, ಪೂರಾ ಸುನೋ ತೋ" ಎಂದು ಮಗಳು ನನ್ನ ಭುಜ ಹಿಡಿದು ತಿರುಗಿಸಿದಳು.

ಅವನ ಜಾಗಕ್ಕೆ ಕಲ್ಯಾಣದ ಒಬ್ಬ ಮರಾಠಿ ಹೆಂಗಸು ಬಂದಿದ್ದರು. ಇವಳ ಹಾಜರಿಯ ವಿಷಯ ಕೇಳಿ, "ಸಕಾಳೀ ಕಾಲೇಜಲಾ ಜಾ, ದುಪಾರೀ ಯೇ" ಅಂದರಂತೆ. ಬೆಳಿಗ್ಗೆ ಕಾಲೇಜಿಗೆ ಹೋಗು, ಮಧ್ಯಾಹ್ನ ಬಾ. ಅಷ್ಟೇ. ಒಂದೇ ವಾಕ್ಯದಲ್ಲಿ ಮುಗಿಯುವ ಕೆಲಸಕ್ಕೆ ಅವನು ನಮ್ಮನ್ನು ಅಷ್ಟು ಗೋಳು ಹೊಯ್ದುಕೊಂಡಿದ್ದ!

ರಕ್ಷಿತಾ ಒಂದು ಕ್ಲಾಸೂ ತಪ್ಪಿಸಲಿಲ್ಲ. ಪರೀಕ್ಷೆಗೆ ಕೂತಳು, ಪಾಸಾದಳು. ಯಜಮಾನರೂ ಈಗ ಮೆಲ್ಲಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಫಲಿತಾಂಶ ಬಂದ ದಿನ ದೀಪ ಹಚ್ಚುವಾಗ ನನಗೆ ಹೊಳೆಯಿತು. ನಾನು ಕನ್ನಡದಲ್ಲಿ ಕೇಳಿದ ಶಿಕ್ಷೆಯನ್ನು ದೇವರು ಬದಿಗಿಟ್ಟ. ಮಗಳು ಹಿಂದಿಯಲ್ಲಿ ಕೇಳಿದ ಶಿಕ್ಷಾ ಕೊಟ್ಟ. ಅಲ್ಲೇ ಕೂತು ಅತ್ತುಬಿಟ್ಟೆ.

ಆದರೆ ಆ ಮ್ಯಾನೇಜರ್ ಪುಣೆಯಲ್ಲಿದ್ದಾನೆ. ಅಲ್ಲಿಯೂ ಓದುತ್ತಾ ದುಡಿಯುವ ಹುಡುಗಿಯರು ಇದ್ದೇ ಇರುತ್ತಾರೆ. ಫಲಿತಾಂಶ ಬಂದ ಮೇಲಿನ ಶನಿವಾರ ಪೂಜೆಗೆ ಬಂದಾಗ ಭಟ್ಟರು "ಪ್ರಾರ್ಥನೆ ಎಂತ?" ಎಂದು ಕೇಳಿದರು. ನಾನು "ಶಿಕ್ಷಾ" ಅಂದೆ.

"ಮತ್ತೆ ಶುರುವಾಯ್ತಾ ನಿಮ್ದು?"

"ನಿಮ್ಮ ಶಿಕ್ಷೆ ಅಲ್ಲ ಭಟ್ರೇ, ನನ್ನ ಮಗಳ ಶಿಕ್ಷಾ. ಪುಣೆಯ ಆ ಅಂಗಡಿಯ ಹುಡುಗಿಯರಿಗೆ."

"ಹೆಸರು? ನಕ್ಷತ್ರ?"

"ನನಗೆ ಗೊತ್ತಿಲ್ಲ. ಅವನಿಗೆ ಗೊತ್ತುಂಟು."

ಭಟ್ಟರು ನೀರು ಬಿಟ್ಟರು. ಅಂದಿನಿಂದ ಪ್ರತಿ ಶನಿವಾರ ನನ್ನದು ಅದೇ ಸಂಕಲ್ಪ. ನೀವೂ ಬಂದಾಗ ಆ ಮಕ್ಕಳಿಗಾಗಿ ಒಂದು ಹೂ ಏರಿಸಿ, ದೇವರು ಕೇಳುತ್ತಾನೆ, ಇದು ನಾನು ಕಂಡ ಸತ್ಯ. ಆ ಮ್ಯಾನೇಜರನಿಗೆ ಶಿಕ್ಷೆ ಬೇಡ ಎಂದು ಮಾತ್ರ ನಾನು ಇನ್ನೂ ಹೇಳಿಲ್ಲ.