ಏಣಿಯ ತೋಳಳತೆ

ನಾನು ಇಪ್ಪತ್ತಾರು ವರ್ಷ ಒಂದೇ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸಿದವನು. ಆಟಗಾರರನ್ನು ಆರಿಸಲು ನನ್ನದೇ ಒಂದು ಪದ್ಧತಿ ಇತ್ತು. ಹೊಸಬರನ್ನು ಆಟದ ಸಾಮಾನಿನ ಕೋಣೆಯ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸುತ್ತಿದ್ದೆ. ಎರಡೂ ತೋಳು ಚಾಚಲು ಹೇಳಿ, ಬೆರಳ ತುದಿಗಳಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಟೇಪು ಹಿಡಿಯುತ್ತಿದ್ದೆ. ಸಾಮಾನ್ಯವಾಗಿ ಆಳು ಎಷ್ಟು ಎತ್ತರವೋ ತೋಳಿನ ಚಾಚೂ ಅಷ್ಟೇ ಇರುತ್ತದೆ. ಒಂದೆರಡು ಇಂಚು ಹೆಚ್ಚು ಬಂದರೆ ಆ ದಿನ ನನಗೆ ಎರಡು ತುತ್ತು ಜಾಸ್ತಿ ಸೇರುತ್ತಿತ್ತು. ಓಡುವುದನ್ನು ಕಲಿಸಬಹುದು, ಎಸೆಯುವುದನ್ನು ಕಲಿಸಬಹುದು, ತೋಳು ಉದ್ದ ಮಾಡಲು ಯಾವ ಮೇಷ್ಟ್ರಿಂದಲೂ ಆಗದು ಎಂದು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಅವಳು ಸಿಕ್ಕಿದ್ದು ಪ್ರವೇಶದ ಅರ್ಜಿ ಕೊಡುವ ಕಿಟಕಿಯಲ್ಲಿ. ಬೀರುವಿನ ಮೇಲಿದ್ದ ಕಡತ ಕೈಗೆ ಎಟುಕದೆ ಗುಮಾಸ್ತರು ಒದ್ದಾಡುತ್ತಿದ್ದರು. ಸಾಲಿನಲ್ಲಿದ್ದ ಈ ಹುಡುಗಿ ಒಳಗೆ ಬಂದು, ಹಿಮ್ಮಡಿ ಕೂಡ ಎತ್ತದೆ ಅದನ್ನು ಇಳಿಸಿಕೊಟ್ಟಳು. "ಸದ್ಯ, ನಮ್ಮ ಆಫೀಸಿಗೆ ಒಂದು ಏಣಿ ಬಂತು," ಅಂದರು ಗುಮಾಸ್ತರು. ಅಂದಿನಿಂದ ಅವಳು ಏಣಿ. ನಾನು ಅವಳನ್ನು ನೇರ ಗೋಡೆಯ ಹತ್ತಿರ ಕರೆದೊಯ್ದೆ. ಎತ್ತರ ಆರಡಿ, ತೋಳು ಆರಡಿ ನಾಲ್ಕಿಂಚು. ನಂಬಿಕೆ ಬಾರದೆ ಎರಡನೇ ಸಲ ಅಳೆದೆ. ಅವಳೋ ಅಲ್ಲಿಯವರೆಗೆ ಚೆಂಡು ಮುಟ್ಟಿದವಳೇ ಅಲ್ಲ.

ಮನೆಯವರನ್ನು ಒಪ್ಪಿಸಲು ನಾನೇ ಹೋದೆ. ಮನೆಯ ಮುಂದಿನ ಕೋಣೆಯಲ್ಲೇ ಅವಳಮ್ಮನ ಇಸ್ತ್ರಿ ಅಂಗಡಿ. ಬಟ್ಟೆಯ ಗಂಟುಗಳ ನಡುವೆ ಸ್ಟೂಲು ಹಾಕಿ ಕೂರಿಸಿದರು. ಎದುರು ಗೋಡೆಯ ಮೇಲೆ ಅವಳಪ್ಪನ ಫೋಟೋ ಇತ್ತು. ತೆಳ್ಳಗೆ, ಉದ್ದಕ್ಕೆ, ಕೈಗಳು ಮೊಣಕಾಲಿನ ಹತ್ತಿರಕ್ಕೆ ಇಳಿಬಿದ್ದ ಮನುಷ್ಯ.

"ಪೇಂಟಿಂಗ್ ಕೆಲಸ ಮಾಡ್ತಿದ್ರು ಸರ್," ಅಂದರು ಆ ತಾಯಿ, ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು. "ಮೂವತ್ತೇಳಕ್ಕೇ ಹೋಗ್ಬಿಟ್ರು. ಅಟ್ಟಣಿಗೆಯಿಂದ ಬಿದ್ದು ಸತ್ರು ಅಂತಾರೆ ಎಲ್ರೂ. ಬಿದ್ದು ಸತ್ತಿದ್ದಲ್ಲ ಸರ್, ಸತ್ತು ಬಿದ್ದಿದ್ದು. ಮೊದ್ಲು ಎದೆ ಹಿಡ್ಕೊಂಡ್ರಂತೆ, ಜೊತೇಲಿದ್ದವ್ರು ನೋಡಿದಾರೆ. ಇವಳನ್ನ ಹಂಗೆಲ್ಲ ಓಡಿಸ್ತೀರಿ ಅಂದ್ರೆ ನಂಗ್ಯಾಕೋ ಭಯ."

ನನ್ನ ಕಣ್ಣು ಫೋಟೋದ ಮೇಲೇ ಇತ್ತು. "ಎಂಥ ತೋಳಮ್ಮಾ! ಮಗಳಿಗೆ ರಕ್ತದಲ್ಲೇ ಬಂದಿದೆ. ಭಯ ಯಾಕೆ, ನಾನಿದ್ದೀನಲ್ಲ," ಅಂದೆ. ಇಂದಿಗೂ ಆ ಮಾತು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೊದಲ ವರ್ಷ ಅವಳ ಕೈಯಿಂದ ಚೆಂಡು ಜಾರುತ್ತಿತ್ತು, ಕಾಲಿಗೆ ಕಾಲು ತೊಡರುತ್ತಿತ್ತು. ಎರಡನೇ ವರ್ಷಕ್ಕೆ ಬುಟ್ಟಿಯ ಕೆಳಗೆ ಅವಳಿದ್ದಾಳೆಂದರೆ ಎದುರಾಳಿಗಳು ದೂರದಿಂದಲೇ ಎಸೆದು ಕೈತೊಳೆದುಕೊಳ್ಳುತ್ತಿದ್ದರು. ನಾನು ಬೈದರೆ ಅವಳು ಬಗ್ಗಿ ನನ್ನ ಮುಖಕ್ಕೆ ಮುಖ ತಂದು, "ಏನ್ ಸರ್, ಅಷ್ಟು ಕೆಳಗಿಂದ ಮಾತಾಡಿದ್ರೆ ಕೇಳಿಸಲ್ಲ," ಅನ್ನುತ್ತಿದ್ದಳು. ಬೈಗುಳ ಅಲ್ಲಿಗೆ ಮುಗಿಯುತ್ತಿತ್ತು. ಅವಳೆಂದರೆ ನನಗೆ ಪ್ರಾಣ. ಆಗಾಗ ಆಟದ ನಡುವೆ ಏದುಸಿರು ಬಿಡುತ್ತಾ ನಿಂತುಬಿಡುತ್ತಿದ್ದಳು. ಸೋಮಾರಿ ಎಂದು ಇನ್ನೆರಡು ಸುತ್ತು ಓಡಿಸುತ್ತಿದ್ದೆ.

ಪ್ರತಿ ವರ್ಷ ಪಂದ್ಯಾವಳಿಗೆ ವೈದ್ಯರ ಸರ್ಟಿಫಿಕೇಟ್ ಬೇಕಿತ್ತು. ಕಾಲೇಜಿನ ಹಿಂದಿನ ಬೀದಿಯಲ್ಲಿ ನನ್ನ ಗೆಳೆಯನ ಕ್ಲಿನಿಕ್ಕು. ತಂಡದ ಎಲ್ಲರ ಫಾರಂ ಒಟ್ಟಿಗೆ ಒಯ್ಯುತ್ತಿದ್ದೆ. "ಎಲ್ರೂ ಗಟ್ಟಿ ಇದಾರೆ ತಾನೆ?" ಅನ್ನುತ್ತಿದ್ದ. "ಗುಂಡುಕಲ್ಲು," ಅನ್ನುತ್ತಿದ್ದೆ. ಟೀ ಆರುವಷ್ಟರಲ್ಲಿ ಸಹಿ, ಮೊಹರು ಎಲ್ಲ ಮುಗಿದಿರುತ್ತಿತ್ತು. ಒಬ್ಬರ ನಾಡಿಯನ್ನೂ ಯಾರೂ ಮುಟ್ಟಿ ನೋಡಲಿಲ್ಲ. ಬೇರೆ ಕಾಲೇಜುಗಳಲ್ಲೂ ಹೀಗೇ ನಡೆಯುತ್ತಿತ್ತು, ಹಾಗೆಂದು ನನ್ನ ತಪ್ಪೇನೂ ಹಗುರವಾಗುವುದಿಲ್ಲ.

ನಾಲ್ಕನೇ ವರ್ಷ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದಳು. ನಮ್ಮ ಕಾಲೇಜಿನಿಂದ ಅಲ್ಲಿಗೆ ಹೋದವರು ಅದುವರೆಗೆ ಯಾರೂ ಇರಲಿಲ್ಲ. ಪತ್ರದ ಜೊತೆ ತಂಡದ ಜಾಕೆಟ್ಟೂ ಬಂತು. ತೋಳು ಗಿಡ್ಡವಾಯಿತು. ಅವಳಮ್ಮ ತೋಳಿನ ಮಡಿಕೆ ಬಿಚ್ಚಿ, ಇಳಿಸಿ ಹೊಲಿದು, ಇಸ್ತ್ರಿ ಹಾಕಿ ಕೊಟ್ಟರು. ಶಿಬಿರಕ್ಕೆ ಹೊರಟ ದಿನ ಬಸ್ಸಿನ ಬಾಗಿಲಿಗೆ ತಲೆ ಬಡಿಸಿಕೊಂಡು ಒಳಗೆ ಹೋದಳು, ಎಲ್ಲರೂ ನಕ್ಕೆವು.

ಐದನೇ ದಿನಕ್ಕೆ ಚೀಲದ ಸಮೇತ ವಾಪಸ್ಸು ಬಂದಳು. ನೇರ ನನ್ನ ಕೋಣೆಗೆ ಬಂದು ಚೆಂಡಿನ ಪೆಟ್ಟಿಗೆಯ ಮೇಲೆ ಕುಳಿತಳು.

"ಅಲ್ಲಿನ ಡಾಕ್ಟ್ರೂ ಗೋಡೆಗೆ ನಿಲ್ಲಿಸಿ ತೋಳು ಅಳೆದ್ರು ಸರ್, ನಿಮ್ಮ ಥರಾನೇ. ನಂಗೆ ನಗು ಬಂತು. ಅವ್ರು ನಗ್ಲಿಲ್ಲ. ಸ್ಕ್ಯಾನ್ ಮಾಡ್ಸಿದ್ರು. ಈ ಉದ್ದ ಕಾಯಿಲೆಯಂತೆ ಸರ್. ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಹಿಗ್ಗಿದೆಯಂತೆ. ಯಾವಾಗ ಬೇಕಾದ್ರೂ ಒಡೀಬಹುದಂತೆ. ಅಪ್ಪನಿಗೂ ಅದೇ ಇದ್ದಿರ್ಬೇಕು ಅಂದ್ರು. ಆಪರೇಷನ್ ಆಗ್ಬೇಕು, ಇನ್ನು ಓಡೋ ಹಾಗಿಲ್ಲ."

ಅವಳು ಮುಂದಕ್ಕೆ ಬಾಗಿದಳು.

"ನಿಮ್ಮ ಫ್ರೆಂಡ್ ಹತ್ರ ಒಂದು ಸರ್ಟಿಫಿಕೇಟ್ ತಂದುಕೊಡಿ ಸರ್. ಇವ್ರು ತಪ್ಪು ನೋಡಿದಾರೆ ಅಂತ ತೋರಿಸ್ತೀನಿ. ಈ ಒಂದೇ ಒಂದು ಟೂರ್ನಮೆಂಟ್ ಆಡಿ ಬರ್ತೀನಿ, ಆಮೇಲೆ ಕುಯ್ಯಲಿ."

"ಆಗಲ್ಲ ಕಣೇ."

"ನಾಲ್ಕು ಸಲ ನೋಡದೇನೇ ಫಿಟ್ ಅಂತ ಬರೆಸ್ಕೊಂಡು ಬಂದ್ರಲ್ಲ?"

"ಆಗಲ್ಲ ಅಂದೆನಲ್ಲ."

ಚೀಲ ಎತ್ತಿಕೊಂಡು ಎದ್ದು ಹೋದಳು. ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು. ಅದಕ್ಕಾಗಿಯೇ ಅವಳು ನನ್ನೊಡನೆ ಮಾತು ಬಿಟ್ಟಳು.

ಆಪರೇಷನ್ನಿಗೆ ಮೂರು ತಿಂಗಳ ನಂತರದ ದಿನ ಸಿಕ್ಕಿತು. ಅಲ್ಲಿಯವರೆಗೆ ಇಸ್ತ್ರಿ ಪೆಟ್ಟಿಗೆ ಕೂಡ ಎತ್ತಬಾರದೆಂದಿದ್ದರು. ಅಂಗಡಿಯ ಮೂಲೆಯಲ್ಲಿ ಕುಳಿತು ಬಟ್ಟೆಗಳಿಗೆ ಚೀಟಿ ಕಟ್ಟುತ್ತಿದ್ದಳು. ನಾನು ಹೋದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಆಡದವರು ಉಡುಪು ಹಿಂತಿರುಗಿಸತಕ್ಕದ್ದು ಎಂದು ತಂಡದವರಿಂದ ಪತ್ರ ಬಂದಿತ್ತು. ಅವಳು ಕೊಡಲಿಲ್ಲ, ಸೆಕೆಯಲ್ಲೂ ಆ ಜಾಕೆಟ್ಟು ಹಾಕಿಕೊಂಡೇ ಕೂರುತ್ತಿದ್ದಳು. ಆಪರೇಷನ್ನಿಗೆ ಇನ್ನು ಹನ್ನೊಂದು ದಿನವಿದೆ ಎನ್ನುವಾಗ, ಒಂದು ಮಧ್ಯಾಹ್ನ, ಚೀಟಿ ಕಟ್ಟುತ್ತಿದ್ದವಳು ಅಮ್ಮಾ ಎಂದು ಎದೆ ಹಿಡಿದುಕೊಂಡಳು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಪ್ಪತ್ತೊಂದು ವರ್ಷ.

ಎರಡು ವಾರದ ಮೇಲೆ ಅವಳಮ್ಮ ಕಾಲೇಜಿಗೆ ಬಂದರು. ಮಡಿಚಿದ ಜಾಕೆಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

"ವಾಪಸ್ ಕೇಳಿದ್ರಲ್ಲ ಸರ್. ತೋಳು ಮೊದಲಿನ ಹಾಗೇ ಮಡಿಚಿ ಹೊಲಿದಿದ್ದೀನಿ. ಬೇರೆ ಮಕ್ಕಳಿಗೂ ಆಗುತ್ತೆ. ಎಷ್ಟು ಇಸ್ತ್ರಿ ಹಾಕಿದ್ರೂ ಇಳಿಸಿದ್ದ ಗೆರೆ ಮಾತ್ರ ಹೋಗ್ಲಿಲ್ಲ."

ಅವರು ಬಾಗಿಲವರೆಗೆ ಹೋಗಿ ನಿಂತರು.

"ಅವತ್ತು ನೀವು ಮನೆಗೆ ಬಂದಾಗ ಹೇಳಿದ್ದೆನಲ್ಲ ಸರ್, ಅವರಪ್ಪ ಹೇಗೆ ಹೋದ್ರು ಅಂತ."

"ಹೌದಮ್ಮಾ, ಹೇಳಿದ್ರಿ."

"ನೀವು ಕೇಳಿಸ್ಕೊಂಡಿಲ್ಲ ಅಂದ್ಕೊಂಡಿದ್ದೆ ಇಷ್ಟು ದಿನ," ಅಂದರು. ಅಂಗಡಿ ತೆರೆಯುವ ಹೊತ್ತಾಗಿತ್ತು, ಹೊರಟುಹೋದರು.