ಅಣ್ಣ ಎಡಗೈಯಲ್ಲಿ ಉಂಡ ದಿನ

ನಾನಿನ್ನೂ ಬಂಡಿಯ ಗಾಲಿಯಷ್ಟೂ ಎತ್ತರವಿರದ ಹುಡುಗನಿದ್ದಾಗ, ಕೆರೂರಿನ ನಮ್ಮ ಅಂಗಳದ ತುಂಬ ಜಾಲಿ ಕಟ್ಟಿಗೆಯ ಸಿಬಿರು ಹರಡಿರುತ್ತಿತ್ತು. ಅಪ್ಪ ಬಂಡಿ ಮಾಡುವ ಬಡಿಗ. ಹಸಿ ಕಟ್ಟಿಗೆಯ ವಾಸನೆ, ಅದನ್ನು ಕೆತ್ತುವ ಬಾಚಿಯ ಟಕಟಕ ಸದ್ದು, ಇವುಗಳ ನಡುವೆಯೇ ನಾವು ಬೆಳೆದೆವು. ಅಪ್ಪ ಆ ಕೆಲಸವನ್ನು ಅಜ್ಜನ ಪಕ್ಕದಲ್ಲಿ ಕುಳಿತು ಕಲಿತಿದ್ದ. ಅಣ್ಣ ಲೆಕ್ಕದಲ್ಲಿ ಭಾರಿ ಜಾಣ. ಅವನನ್ನು ಇಂಜಿನಿಯರ್ ಮಾಡಿರಿ ಎಂದು ಶಾಲೆಯ ಮಾಸ್ತರರು ಹೇಳಿದ್ದರಿಂದ ಅಪ್ಪ ಅವನನ್ನು ರೈಲು ಹತ್ತಿಸಿ ದೂರದ ದೊಡ್ಡ ಊರಿಗೆ ಕಳಿಸಿದ. ಆಗ ನಮ್ಮ ಸೀಮೆಯಲ್ಲಿ ಆ ವಿದ್ಯೆ ಕಲಿಸುವ ಶಾಲೆಯೇ ಇರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಅಣ್ಣ ಬಾದಾಮಿ ಸ್ಟೇಶನ್ನಿನಿಂದ ಬಾಡಿಗೆ ಗಾಡಿಯಲ್ಲಿ ಬಂದಿಳಿದ. ಅಂಥ ಸೆಕೆಯಲ್ಲೂ ಮೈತುಂಬ ಶಾಲು ಹೊದ್ದಿದ್ದ. ನಾನು ಓಡಿಹೋಗಿ ಕಾಲಿಗೆ ಜೋತುಬಿದ್ದರೂ ಎತ್ತಿಕೊಳ್ಳಲಿಲ್ಲ. ಅವ್ವ ಬಿಸಿ ರೊಟ್ಟಿ, ಎಣಗಾಯಿ ಪಲ್ಯ ಬಡಿಸಿದಳು. ಅಣ್ಣ ಶಾಲಿನೊಳಗಿಂದ ಎಡಗೈ ಹೊರತೆಗೆದು ರೊಟ್ಟಿ ಮುರಿದ.

“ಎಡಗೈಲೆ ಉಣ್ತಿಯೇನೋ? ಆ ಊರಾಗ ಇದನ್ನ ಕಲಿಸ್ಯಾರೇನು?” ಎಂದು ಅವ್ವ ಗದರಿದಳು.

ಅಣ್ಣ ಶಾಲು ಸರಿಸಿ ಬಲಗೈಯನ್ನು ಮುಂದೆ ಚಾಚಿದ. ಹೆಬ್ಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ. ಮಾಯ್ದ ಚರ್ಮ ಕೆಂಪಗೆ ಹೊಳೆಯುತ್ತಿತ್ತು. ನಾನು ಹೆದರಿ ಕಟ್ಟಿಗೆಯ ರಾಶಿಯ ಹಿಂದೆ ಅಡಗಿಕೊಂಡೆ. ಅವ್ವ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಹಾಗೇ ಕುಳಿತುಬಿಟ್ಟಳು.

ಅಪ್ಪ ಬಾಚಿ ಕೆಳಗಿಟ್ಟು ಬಂದ. “ಪುಸ್ತಕದ ಸಾಲಿ ಅಂದಿದ್ರಲ್ಲೋ. ಅಲ್ಲಿ ಕೈ ಹೆಂಗ ಹೋತು?”

ಅಣ್ಣ ನೆಲ ನೋಡುತ್ತ ಹೇಳಿದ. ಅಲ್ಲಿ ಪುಸ್ತಕದ ಜೊತೆಗೆ ಕಾರ್ಖಾನೆಯ ಕೆಲಸವನ್ನೂ ಕಲಿಸುತ್ತಿದ್ದರು. ಒಂದು ಉಗಿಯಂತ್ರ ಉದ್ದನೆಯ ಚರ್ಮದ ಪಟ್ಟಿಗಳಿಂದ ಉಳಿದ ಯಂತ್ರಗಳನ್ನೆಲ್ಲ ತಿರುಗಿಸುತ್ತಿತ್ತು. ಅವನ ಅಂಗಿಯ ತೋಳು ಆ ಪಟ್ಟಿಗೆ ಸಿಕ್ಕಿತು. ತೋಳಿನ ಹಿಂದೆ ಕೈಯೂ ಹೋಯಿತು.

“ಸಡ್ಲ ಅಂಗಿ ತೊಟ್ಟು ಹತ್ರ ಹೋಗಬ್ಯಾಡ ಅಂತ ಯಾರೂ ಹೇಳಿರಲಿಲ್ಲಪ್ಪ. ಈಗ ನಕ್ಷಿ ಬರ್ಯಾಕ ಬರಂಗಿಲ್ಲ, ನಕ್ಷಿ ಬರೀದಿದ್ರ ಪಾಸ್ ಮಾಡಂಗಿಲ್ಲ. ಬಾಚಿ ಹಿಡ್ಯಾಕೂ ಬರಂಗಿಲ್ಲ,” ಎಂದ.

ಅಕ್ಕ ಇಷ್ಟೂ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ಒಲೆಯಿಂದ ಆರಿದ ಇದ್ದಿಲು ತಂದು ಅವನ ಎಡಗೈಯಲ್ಲಿಟ್ಟಳು.

“ಬರಿ,” ಎಂದಳು.

ಅಣ್ಣ ಅಂಗಳದ ಹಲಗೆಯೊಂದರ ಮೇಲೆ ಗೆರೆ ಎಳೆಯತೊಡಗಿದ. ಒಂದೂ ನೆಟ್ಟಗೆ ಬರಲಿಲ್ಲ. ಸಿಟ್ಟಿನಿಂದ ಇದ್ದಿಲು ಎಸೆದು ಅತ್ತ. ಅಕ್ಕ ಅದನ್ನು ಹುಡುಕಿ ತಂದು ಮತ್ತೆ ಕೊಟ್ಟಳು. ಹಲಗೆ ತುಂಬಿದಾಗೆಲ್ಲ ಒದ್ದೆ ಅರಿವೆಯಿಂದ ಒರೆಸಿದಳು. ನಾನು ಮೆಲ್ಲಗೆ ಹೊರಗೆ ಬಂದು ಅವನ ಬೆನ್ನಿಗೆ ಒರಗಿ ಕುಳಿತೆ.

ಹೊತ್ತು ಮುಳುಗುವಾಗ ಅಪ್ಪ ಹೇಳಿದ: “ಇಲ್ಲೇ ಇರಪ್ಪ. ನಾ ದುಡೀತೇನಿ.”

“ಇಲ್ಲಪ್ಪ. ನಾ ಮತ್ತ ಹೋಗ್ತೇನಿ.”

“ಮತ್ತ ಆ ಮಿಷನ್ ಮುಂದ ನಿಂದರಸ್ತಾರಲ್ಲೋ!” ಎಂದು ಅವ್ವ ಚೀರಿದಳು. ಅಣ್ಣ ಇದ್ದಿಲನ್ನು ಮತ್ತೆ ಎಡಗೈಗೆ ತೆಗೆದುಕೊಂಡ.

ರಜೆ ಮುಗಿದ ಮೇಲೆ ಅವನು ಹೋದ. ಎಡಗೈಯಲ್ಲೇ ನಕ್ಷೆ ಬರೆದು ಪಾಸಾದ. ಆದರೆ ಬರೆಯುವುದು ತೀರ ನಿಧಾನವಾಗುತ್ತಿದ್ದುದರಿಂದ ಇಂಜಿನಿಯರ್ ದರ್ಜೆ ಸಿಗಲಿಲ್ಲ. ಇಂಜಿನಿಯರರ ಕೈಕೆಳಗಿನ ಓವರ್‌ಸಿಯರ್ ಆಗಿ, ಹುನಗುಂದದ ಕಡೆ ಬಿಸಿಲಲ್ಲಿ ನಿಂತು ರಸ್ತೆ ಮಾಡಿಸುತ್ತ ಬಾಳು ಕಳೆದ. ಅವನು ಮನೆಗೆ ಬಂದಾಗಲೆಲ್ಲ ಅವ್ವ ತನ್ನ ಕೊನೆಗಾಲದವರೆಗೂ ತಾನೇ ರೊಟ್ಟಿ ಮುರಿದು ಕೊಡುತ್ತಿದ್ದಳು.

ಈಗ ನಮ್ಮ ಬಾಗಲಕೋಟೆಯಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಅಲ್ಲಿಗೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಮನೆಗೆ ಬರುತ್ತಾಳೆ. ಮೊದಲ ದಿನ ಯಂತ್ರ ನಿಲ್ಲಿಸುವುದನ್ನು ಕಲಿಸಿದರಂತೆ, ಓಡಿಸುವುದು ಆಮೇಲಂತೆ. ಅದನ್ನು ಅವಳು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ಇದನ್ನು ಮೊದಲು ಕಲಿಸಬೇಕೆಂದು ದೊಡ್ಡವರಿಗೆ ತಿಳಿಯುವ ಹೊತ್ತಿಗೆ ಎಷ್ಟು ಮನೆಯ ಮಕ್ಕಳ ಕೈ ಹೋದವೋ! ನಮ್ಮ ಮನೆಯದೊಂದು ನನಗೆ ಗೊತ್ತು.