ಅಂಬುಜಮ್ಮನವರ ಮಹಡಿಗೆ ಇಳಿಯದ ಅತಿಥಿಗಳು

ಲಕ್ಷ್ಮೀಪುರಂನ ಆ ಹಳೆಯ ಬೀದಿಯಲ್ಲಿ ಅಂಬುಜಮ್ಮನವರ ಮನೆ ಯಾವುದೆಂದು ಯಾರೂ ಕೇಳಿಕೊಂಡು ಹೋಗಬೇಕಿರಲಿಲ್ಲ. ಸಂಜೆ ಹೊತ್ತು ವೀಣೆಯ ಸದ್ದು ಕೇಳುತ್ತಿತ್ತು. ಅದಕ್ಕಿಂತ ಜೋರಾಗಿ ಅಂಬುಜಮ್ಮನವರ ಬೈಗುಳ ಕೇಳುತ್ತಿತ್ತು. “ಅದು ವೀಣೆ ಕಣಮ್ಮ, ಹುರುಳಿಕಾಯಿ ಅಲ್ಲ. ನಾರು ತೆಗೀಬೇಡ, ಮೀಟು!” ಎಂದು ಅವರು ಗದರಿದರೆ ಎದುರುಮನೆಯ ನಾಯಿಯೂ ಬಾಲ ಮುದುರಿಕೊಳ್ಳುತ್ತಿತ್ತು. ಹಾಗೆ ಬೈಸಿಕೊಂಡು ಪಾಠ ಬಿಟ್ಟು ಹೋದವರು ಮಾತ್ರ ಕಡಿಮೆ.

ಅವರ ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು, ತಂದೆ ಸ್ಕೂಲು ಮೇಷ್ಟ್ರು. ಗಂಡಿನ ಕಡೆಯವರು ಬಂದಾಗ ಹೇಳಿಕೊಳ್ಳಲು ಒಂದು ವಿದ್ಯೆ ಇರಲಿ ಎಂದು ತಂದೆ ದೊಡ್ಡ ಮಗಳಿಗೆ ವೀಣೆ ಪಾಠ ಇಡಿಸಿದರು. ಅಕ್ಕ ಗುರುಗಳ ಮುಂದೆ ಆಕಳಿಸುತ್ತ ಕುಳಿತರೆ ಚಿಕ್ಕವಳು ಬಾಗಿಲ ಮರೆಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಅಕ್ಕ ಮದುವೆಯಾಗಿ ಹೋದಳು. ವೀಣೆ, ಗುರುಗಳು ಎರಡೂ ತಂಗಿಯ ಪಾಲಿಗೆ ಬಂದವು. ಆ ಗುರುಗಳು ಕಣ್ಣು ಮುಚ್ಚುವ ಮುಂಚೆ, “ಇದನ್ನ ಒಬ್ಬರ ಕೈಗಾದ್ರೂ ದಾಟಿಸಮ್ಮ” ಅಂದಿದ್ದರು. ಅಂಬುಜಮ್ಮ ಊರ ಮಕ್ಕಳಿಗೆಲ್ಲ ಕಲಿಸಿದರು. ದಾಟಿಸಬಹುದಾದ ಕೈ ಸಿಕ್ಕಿದ್ದು ಮುಪ್ಪಿನಲ್ಲಿ, ಡಿಗ್ರಿ ಓದುವ ಶರಣ್ಯಾ ಪಾಠಕ್ಕೆ ಬಂದಾಗ. ನವರಾತ್ರಿಗೆ ಅವಳ ಮೊದಲ ಕಚೇರಿ ಗೊತ್ತಾಗಿತ್ತು.

ಗಂಡ ಲಕ್ಷ್ಮೀನರಸಿಂಹ ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದವರು. ನೌಕರಿಯಲ್ಲಿದ್ದಷ್ಟು ಕಾಲ ಅವರಿಂದ ಯಾರಿಗೂ ತೊಂದರೆ ಇರಲಿಲ್ಲ. ನಿವೃತ್ತರಾದ ಮೇಲೆ ಎರೆಹುಳು ಸಾಕಿದರು. ಹುಳುಗಳು ತೊಟ್ಟಿ ಬಿಟ್ಟು ಬಚ್ಚಲಿಗೆ ಬಂದವು. ಬಿಸಿಲಿನಲ್ಲೇ ಅನ್ನ ಮಾಡುವ ಪೆಟ್ಟಿಗೆ ತಂದರು. ಬೆಳಿಗ್ಗೆ ಇಟ್ಟ ಅಕ್ಕಿ ಸಂಜೆಗೂ ಅಕ್ಕಿಯಾಗಿಯೇ ಇತ್ತು. ನೆಲದ ಮೇಲೆ ಕೆಡಿಸುವುದೆಲ್ಲ ಮುಗಿದ ಮೇಲೆ ಆಕಾಶಕ್ಕೆ ಕೈ ಹಾಕಿದರು. ಹಳೆಯ ಡಿಶ್ ಆಂಟೆನಾವನ್ನು ಮಹಡಿಯ ಮೇಲೆ ಮಲಗಿಸಿ, ಅದಕ್ಕೆ ನಾಲ್ಕಾರು ಪೆಟ್ಟಿಗೆ ಜೋಡಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅನ್ಯಗ್ರಹದವರು ಯಾವಾಗ ಮಾತಾಡಿಸುತ್ತಾರೋ ಎಂದು ಕಾಯತೊಡಗಿದರು. ಹಪ್ಪಳ ಒಣಗಿಸಲೂ ಅಲ್ಲಿ ಜಾಗ ಉಳಿಯಲಿಲ್ಲ.

ಈ ಮರುಳಿಗೆ ಜೊತೆಯಾದವರು ದಟ್ಟಗಳ್ಳಿಯ ವೃಷಭೇಂದ್ರಪ್ಪ. ಕಾಲೇಜಿನಲ್ಲಿ ಇತಿಹಾಸ ಹೇಳಿ ದಣಿದವರು. ಸಂಜೆ ಸ್ಕೂಟರ್ ನಿಲ್ಲಿಸಿ, ಕಾಫಿ ಕುಡಿದೇ ಮಹಡಿ ಹತ್ತುತ್ತಿದ್ದರು. ಒಂದು ದಿನ ಲೋಟ ಕೈಗೆ ಬರುತ್ತಲೇ ಅಂಬುಜಮ್ಮನವರಿಗೇ ಉಪದೇಶ ಶುರು ಮಾಡಿದರು.

“ಇಷ್ಟು ದೊಡ್ಡ ಬ್ರಹ್ಮಾಂಡದಲ್ಲಿ ನಾವೊಬ್ರೇ ಇದೀವಿ ಅನ್ಕೊಳೋದು ಅಹಂಕಾರ ಅಲ್ವೇನಮ್ಮಾ?”

“ಬೇರೆಯವರು ಇರ್ಲಿ ಬಿಡಿ, ಯಾರು ಬೇಡ ಅಂದ್ರು? ಅಷ್ಟು ಜಾಗ ಖಾಲಿ ಬಿದ್ದಿರುತ್ತೆ ಅಂತ ನಾನೂ ಅಂದ್ಕೊಂಡಿಲ್ಲ” ಎಂದರು ಅಂಬುಜಮ್ಮ. “ಆದ್ರೆ ಹತ್ತಿರದ ನಕ್ಷತ್ರದ ಬೆಳಕು ಇಲ್ಲಿಗೆ ಬರೋಕೇ ನಾಲ್ಕು ವರ್ಷ ಬೇಕು ಅಂತ ನಿಮ್ಮ ಸ್ನೇಹಿತರೇ ಹೇಳ್ತಾರೆ. ಬೆಳಕಿನ ಪಾಡೇ ಅದಾದ್ರೆ ಕೈಕಾಲು ಇರೋರ ಪಾಡೇನ್ರೀ? ಹೊರಟೋನು ದಾರೀಲೇ ಮುದುಕನಾಗಿ ಸಾಯ್ತಾನೆ. ಅಷ್ಟು ಕಷ್ಟಪಟ್ಟು ಬಂದೋನು, ಭೂಮೀಲಿ ಇರೋ ಜಾಗ ಎಲ್ಲಾ ಬಿಟ್ಟು, ನಮ್ಮನೆ ನೀರಿನ ತೊಟ್ಟಿ ಪಕ್ಕಾನೇ ಇಳೀತಾನೆ ಅಂತೀರಲ್ಲ, ಅಹಂಕಾರ ಅಂದ್ರೆ ಅದು ಕಣ್ರೀ.”

ಪಾತ್ರೆ ತೊಳೆಯುತ್ತಿದ್ದ ಪುಟ್ಟಲಿಂಗಮ್ಮ ಒಳಗಿನಿಂದಲೇ ಕೂಗಿದಳು: “ಬರ್ದೇ ಇದ್ರೇ ವಾಸಿ ಬುಡಿ ಅಮ್ಮಾರೇ. ಬಂದ್ರೆ ಅವರ ಕಾಫಿ ಲೋಟಾನೂ ನಾನೇ ತೊಳೀಬೇಕು.”

ವೃಷಭೇಂದ್ರಪ್ಪ ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ಮೆಟ್ಟಿಲು ಹತ್ತಿದರು.

ಅದೇ ಸಂಜೆ, ಶರಣ್ಯಾಳ ಪಾಠ ನಡೆದಿದ್ದಾಗಲೇ, ಮಹಡಿಯಿಂದ ದಡದಡನೆ ಇಳಿದು ಬಂದ ಲಕ್ಷ್ಮೀನರಸಿಂಹರ ಪಂಚೆ ಅರ್ಧ ಕಳಚಿತ್ತು.

“ಸಿಕ್ತು ಕಣೇ ಅಂಬುಜಾ! ಟಿಕ್ ಟಿಕ್ ಅಂತ ಐದೈದಾಗಿ ಬರ್ತಿತ್ತು, ಆಮೇಲೆ ಏಳೇಳಾಯ್ತು! ಎರಡೂ ಅವಿಭಾಜ್ಯ ಸಂಖ್ಯೆ. ಗಾಳಿಗೆ, ಗುಡುಗಿಗೆ ಲೆಕ್ಕ ಬರುತ್ತೇನೇ? ಬುದ್ಧಿ ಇರೋರೇ ಕಳಿಸಿರೋದು!”

“ಬುದ್ಧಿ ಇರೋರು ನಿಮಗ್ಯಾಕ್ರೀ ಕಳಿಸ್ತಾರೆ? ಪಂಚೆ ಕಟ್ಕೊಳ್ಳಿ, ಹುಡುಗಿ ಇದಾಳೆ.”

ಅವರು ಪಂಚೆ ಕಟ್ಟಿಕೊಂಡರು, ಸುಮ್ಮನಾಗಲಿಲ್ಲ. ಮನೆಯಲ್ಲಿ ಗದ್ದಲ ಇರಬಾರದು, ಸಂದೇಶ ಇನ್ನೂ ನಿಚ್ಚಳವಾಗಿ ಕೇಳಬೇಕು ಎಂದು ಹೆಂಡತಿ ಅಡಿಗೆಮನೆಯಲ್ಲಿದ್ದಾಗ ಅವರ ಫೋನು ತೆಗೆದು, ಪಾಠದ ವಾಟ್ಸಾಪ್ ಗುಂಪಿಗೆ ‘ಮುಂದೆ ತಿಳಿಸುವವರೆಗೆ ತರಗತಿ ಇಲ್ಲ’ ಎಂದು ಹಾಕಿಬಿಟ್ಟರು. ಮರುದಿನ ಸಂಜೆ ಜಗುಲಿ ಭಣಗುಟ್ಟಿದಾಗಲೇ ಅಂಬುಜಮ್ಮನವರಿಗೆ ವಿಷಯ ತಿಳಿದದ್ದು. ಬಾಯಿಗೆ ಬಂದದ್ದೆಲ್ಲ ಅಂದರು. ಲಕ್ಷ್ಮೀನರಸಿಂಹ ಕಿವಿಯಲ್ಲಿ ಹೆಡ್‌ಫೋನ್ ಇದ್ದುದರಿಂದ ಒಂದೂ ಕೇಳಿಸಿಕೊಳ್ಳಲಿಲ್ಲ. ರಜೆ ಹಾಕಿದವರೇ ಅದನ್ನು ತೆಗೆಯಲಿ ಎಂದು ಅಂಬುಜಮ್ಮನವರೂ ಹಟ ಹಿಡಿದು ಕೂತರು.

ವಿಚಿತ್ರವೆಂದರೆ ಮನೆ ಸ್ತಬ್ಧವಾದದ್ದೇ ತಡ, ಆಕಾಶವೂ ಸ್ತಬ್ಧವಾಯಿತು. ಐದೂ ಇಲ್ಲ, ಏಳೂ ಇಲ್ಲ. ಗೆಳೆಯರಿಬ್ಬರೂ ಸಾವಿನ ಮನೆಯವರಂತೆ ಮಹಡಿಯಲ್ಲಿ ಕೂತರು. “ನಮ್ಮ ಮೇಲೆ ಏನೋ ಅನುಮಾನ ಬಂದಿರಬೇಕು ಅವರಿಗೆ” ಎಂದರು ವೃಷಭೇಂದ್ರಪ್ಪ. ಕೆಳಗೆ ಅಂಬುಜಮ್ಮನವರಿಗೆ ಅದಾವುದೂ ಬೇಕಿರಲಿಲ್ಲ. ಕಚೇರಿ ಹತ್ತಿರ ಬರುತ್ತಿತ್ತು. ಶರಣ್ಯಾಳ ತಾಯಿಗೆ ಮೊದಲಿನಿಂದಲೂ ಈ ಬೈಗುಳದ ಪಾಠ ಹಿಡಿಸುತ್ತಿರಲಿಲ್ಲ.

ಆ ವಾರವೇ ಒಂದು ಸಂಜೆ ಶರಣ್ಯಾ ತಾನಾಗಿಯೇ ಬಂದಳು. ಕಣ್ಣು ಕೆಂಪಾಗಿತ್ತು.

“ಮಿಸ್, ಇಲ್ಲಿ ಕ್ಲಾಸೇ ನಡೀತಿಲ್ಲ, ಕಚೇರಿ ಕೆಟ್ರೆ ಯಾರು ಹೊಣೆ ಅಂತ ಅಮ್ಮ ಬೇರೆ ಟೀಚರ್‌ನ ನೋಡಿದಾರೆ. ನಾಳೆಯಿಂದ ಅಲ್ಲಿಗೆ ಹೋಗಬೇಕಂತೆ.”

“ನಾಳೆ ಮಾತು ನಾಳೆ. ಇವತ್ತು ಕೂತ್ಕೊ” ಎಂದು ಅಂಬುಜಮ್ಮ ವೀಣೆಯ ಗವುಸು ತೆಗೆದರು. ಭುಜದ ನೋವು ಶುರುವಾದಾಗಿನಿಂದ ಅವರು ಕೈಯಲ್ಲಿ ತಾಳ ಹಾಕುತ್ತಿರಲಿಲ್ಲ. ಎಣಿಕೆ ತಾನೇ ಕುಟ್ಟುವ ಕರೆಂಟಿನ ತಾಳದ ಪೆಟ್ಟಿಗೆಯೊಂದಿತ್ತು. ಐದೆಣಿಕೆಯ ಖಂಡಛಾಪು ಇಟ್ಟು ಗುಂಡಿ ಒತ್ತಿದರು.

“ಬಂತು! ಬಂತು!” ಮಹಡಿಯ ಮೇಲಿಂದ ಕೂಗು.

ಅಂಬುಜಮ್ಮ ಹುಬ್ಬು ಗಂಟಿಕ್ಕಿ ಪೆಟ್ಟಿಗೆ ಆರಿಸಿದರು.

“ಅಯ್ಯೋ, ಹೋಯ್ತಲ್ರೀ!”

ಮತ್ತೆ ಹಾಕಿದರು. “ಬಂತು!” ಆರಿಸಿದರು. “ಹೋಯ್ತು!” ಏಳೆಣಿಕೆಯ ಮಿಶ್ರಛಾಪಿಗೆ ತಿರುಗಿಸಿದರು. “ಏಳು! ಏಳು ಕಣ್ರೀ ವೃಷಭೇಂದ್ರಪ್ಪ, ಬರ್ಕೊಳ್ಳಿ!” ಶರಣ್ಯಾ ಸೆರಗಿಲ್ಲದ್ದಕ್ಕೆ ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕಳು. ಅಂಬುಜಮ್ಮ ನಗಲಿಲ್ಲ. ಪೆಟ್ಟಿಗೆಯ ಅಡಾಪ್ಟರ್ ಸುಟ್ಟುಹೋದಾಗ ಗಂಡನೇ ತನ್ನ ಗುಜರಿಯಿಂದ ಇನ್ನೊಂದು ಹುಡುಕಿ ಹಾಕಿಕೊಟ್ಟಿದ್ದರು. ಅದನ್ನು ಹಾಕಿದಾಗಲೆಲ್ಲ ಪುಟ್ಟಲಿಂಗಮ್ಮನ ರೇಡಿಯೋ ಗೊರಗೊರ ಎನ್ನುತ್ತಿದ್ದುದು ಈಗ ನೆನಪಾಯಿತು. ಪೆಟ್ಟಿಗೆ, ಅಡಾಪ್ಟರ್ ಎರಡನ್ನೂ ಎತ್ತಿಕೊಂಡು, ಮಂಡಿ ನೋವನ್ನೂ ಮರೆತು ಮಹಡಿ ಹತ್ತಿದರು.

“ತಗೊಳ್ಳಿ, ನಿಮ್ಮ ಬುದ್ಧಿವಂತರು” ಎಂದು ಗಂಡನ ಮುಂದೆಯೇ ಸಿಕ್ಕಿಸಿ ಹಾಕಿದರು. “ಇದು ಐದು. ಇದು ಏಳು. ಇನ್ನೂ ಯಾವ ಲೋಕದ ಲೆಕ್ಕ ಬೇಕು ಹೇಳಿ, ಅದನ್ನೂ ಕುಟ್ಟಿಸ್ತೀನಿ. ನಿಮ್ಮ ಗುಜರಿ ಕಿರುಚಿದ್ದನ್ನ ನೀವೇ ಕೇಳಿಸ್ಕೊಂಡು, ನನ್ನ ಪಾಠಕ್ಕೆ ಬೀಗ ಹಾಕಿಸಿದ್ರಲ್ರೀ!”

ಲಕ್ಷ್ಮೀನರಸಿಂಹ ಹೆಡ್‌ಫೋನ್ ಕಳಚಿದರು. ಅವರಾದರೂ ತೆಪ್ಪಗಾಗುತ್ತಿದ್ದರೇನೋ. ವೃಷಭೇಂದ್ರಪ್ಪ ಬಿಡಬೇಕಲ್ಲ!

“ಒಂದು ನಿಮಿಷ. ಈ ಪೆಟ್ಟಿಗೆ ಸದ್ದು ಆಂಟೆನಾಕ್ಕೆ ಬರುತ್ತೆ ಅಂದ್ರೆ, ಆಕಾಶಕ್ಕೂ ಹೋಗುತ್ತೆ ಅಂತಾಯ್ತಲ್ಲ? ನಮಗೆ ಗೊತ್ತಿಲ್ಲದೇನೇ ನಾವು ಅವರಿಗೆ ಸಂದೇಶ ಕಳಿಸ್ತಿದೀವಿ ಸಾರ್!”

ಗಂಡನ ಮುಖ ಮತ್ತೆ ಬೆಳಗಿದ್ದನ್ನು ಕಂಡು ಅಂಬುಜಮ್ಮನವರಿಗೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕೆನಿಸಿತು. “ಹೌದಲ್ವೇನೇ! ಹಾಗಾದ್ರೆ ನಿನ್ನ ಪಾಠ ಒಂದು ದಿನಾನೂ ನಿಲ್ಲಬಾರ್ದು ಅಂಬುಜಾ!” ಎಂದರು ಲಕ್ಷ್ಮೀನರಸಿಂಹ. ಅದು ಸುಳ್ಳೆಂದು ವಾದಿಸಲು ಅಂಬುಜಮ್ಮ ಬಾಯಿ ತೆರೆದವರು ಮುಚ್ಚಿಕೊಂಡರು. ಫೋನನ್ನು ಗಂಡನ ಕೈಗೆ ತುರುಕಿದರು.

“ಈಗಿಂದೀಗ್ಲೇ ಶರಣ್ಯಾಳ ಅಮ್ಮನಿಗೆ ಫೋನ್ ಮಾಡಿ, ರಜೆ ಹಾಕಿದ್ದು ನೀವು, ನಾನಲ್ಲ, ತಪ್ಪಾಯ್ತು ಅನ್ನಿ. ಅವರು ಮಗಳನ್ನ ಕಳಿಸ್ತೀನಿ ಅನ್ನೋವರೆಗೂ ಈ ಪೆಟ್ಟಿಗೆ ನಾನು ಮುಟ್ಟಲ್ಲ.”

ಅನ್ಯಲೋಕದವರ ಮುಲಾಜಿಗೆ ಬಿದ್ದ ಮನುಷ್ಯ ಹೆಂಗಸೊಬ್ಬಳ ಮುಂದೆ ತಪ್ಪೊಪ್ಪಿಕೊಳ್ಳಲು ಹಿಂಜರಿಯಲಿಲ್ಲ. ‘ಆಯ್ತಮ್ಮ, ಖಂಡಿತಮ್ಮ’ ಎಂದು ಗೋಗರೆದರು. ಆ ತಾಯಿ ಕಡೆಗೂ ಒಪ್ಪಿದಳು.

ಅಂಬುಜಮ್ಮ ಕೆಳಗಿಳಿದು ಪೆಟ್ಟಿಗೆ ಹಾಕಿ ಕುಳಿತರು. ಶರಣ್ಯಾ ನಗು ಇನ್ನೂ ತಡೆಯಲಾರದೆ ಮೊದಲ ಸಾಲಿನಲ್ಲೇ ಎಡವಿದಳು.

“ಹಲ್ಲು ಕಿರಿದಿದ್ದು ಸಾಕು. ಮೊದಲಿಂದ ನುಡಿಸು” ಎಂದು ಅಂಬುಜಮ್ಮ ಗದರಿದರು. “ಮೇಲಿರೋ ಎರಡು ತಲೆಗಳು ಇದನ್ನ ಯಾವ್ಯಾವ ಲೋಕಕ್ಕೋ ಕಳಿಸ್ತಿದಾವಂತೆ. ಅಲ್ಲಿ ಕೇಳೋರು ಯಾರೂ ಇರಲ್ಲ, ನಂಗೊತ್ತು. ಅಕಸ್ಮಾತ್ ಇದ್ರೆ, ನನ್ನ ಶಿಷ್ಯೆಗೆ ತಾಳ ಬರಲ್ಲ ಅಂತ ಆಡ್ಕೋಬಾರ್ದು.”